ಟೀಚರಮ್ಮ ಹೇಳಿದ್ದು, ನಾನು ಹೇಳಿದ್ದು

1993ರಲ್ಲಿ, ಒಂಬತ್ತನೇ ತರಗತಿಯ ನಡುವೆಯೇ, ನಾನು ಓದು ನಿಲ್ಲಿಸಿದೆ. ಅದಕ್ಕೆ ಕಾರಣನಾದವನ ಮೇಲೆ 2005ರಲ್ಲಿ ಸೇಡು ತೀರಿಸಿಕೊಂಡೆ. ಗೋಪಾಲ, ಅವನು ನೀನು. ನಿನ್ನ ಇಂಗ್ಲಿಷ್ ಪರೀಕ್ಷೆ ಕೆಟ್ಟದ್ದು ಹಣೆಬರಹದಿಂದಲ್ಲ. ನೀನು ಊರೆಲ್ಲ ಹೇಳಿಕೊಂಡು ತಿರುಗುವ ಹಾಗೆ ಟೀಚರಮ್ಮನ ತಪ್ಪಿನಿಂದಲೂ ಅಲ್ಲ. ನಾನು ಕೆಡಿಸಿದೆ. ತಿಳಿದೂ ತಿಳಿದೂ — ವಾರವಾರವೂ ಹೊಸದಾಗಿ ತಿಳಿದು — ಕೆಡಿಸಿದೆ.

ಬರೆಯಲು ಕೂತಾಗ ಮೊದಲು ಎದ್ದು ಬಂದದ್ದು ಸಿಟ್ಟು. ಅದನ್ನು ಅದುಮಿಟ್ಟು ಒಳ್ಳೆಯವನ ಹಾಗೆ ಬರೆದರೆ ಇದೂ ಇನ್ನೊಂದು ಸುಳ್ಳಾದೀತು. ಹಾಗಾಗಿ ಸಿಟ್ಟಿನಿಂದಲೇ ಶುರು ಮಾಡುತ್ತೇನೆ.

ನಾವಿಬ್ಬರೂ ಕೆಲಮಂಗಲದ ಹತ್ತಿರದ ಒಂದೇ ಊರಿನವರು, ಒಂದೇ ಬೀದಿಯವರು. ನನ್ನನ್ನು ಶಾಲೆಗೆ ಸೇರಿಸಿದ್ದು ತಡವಾಗಿ. ಆದ್ದರಿಂದ ವಯಸ್ಸಿನಲ್ಲಿ ನಿನಗಿಂತ ಎರಡು ವರ್ಷ ದೊಡ್ಡವನಾದರೂ ತರಗತಿ ಒಂದೇ ಆಯಿತು. ನಮ್ಮ ಮೇಷ್ಟ್ರ ಪದ್ಧತಿ ನಿನಗೆ ನೆನಪಿದೆ. ಪ್ರಶ್ನೆಗೆ ಸರಿಯಾಗಿ ಉತ್ತರ ಹೇಳಿದವನು, ಹೇಳದೆ ನಿಂತವರ ಕೆನ್ನೆಗೆಲ್ಲ ಸಾಲಾಗಿ ಬಾರಿಸಿಕೊಂಡು ಬರಬೇಕು. ನಾವು ಹುಡುಗರು ಅದಕ್ಕೊಂದು ಒಳದಾರಿ ಮಾಡಿಕೊಂಡಿದ್ದೆವು. ಅಂಗೈಯನ್ನು ಗುಳಿ ಮಾಡಿ ಹೊಡೆದರೆ ಸದ್ದು ಜೋರಾಗಿ ಬರುತ್ತದೆ, ನೋವು ಆಗುವುದಿಲ್ಲ. ಗೆಳೆಯರು ಗೆಳೆಯರಿಗೆ ಹಾಗೆಯೇ ಹೊಡೆಯುತ್ತಿದ್ದರು.

ಅವತ್ತು ಇಂಗ್ಲಿಷ್ ಪಾಠ. ನನ್ನನ್ನು ಎಬ್ಬಿಸಿ ಒಂದು ಸಾಲು ಓದು ಎಂದರು. ನಾಲಿಗೆ ಏಳಲಿಲ್ಲ. ನೀನು ಎದ್ದು ನೀರು ಕುಡಿದ ಹಾಗೆ ಓದಿದೆ. ಆಮೇಲೆ ನನ್ನ ಹತ್ತಿರ ಬಂದೆ. ನಿನ್ನ ಅಂಗೈ ಚಪ್ಪಟೆಯಾಗಿತ್ತು. ಕಿವಿ ಗುಂಯ್ ಅಂದಿತು. ಅಷ್ಟಕ್ಕೇ ಬಿಟ್ಟಿದ್ದರೆ — ಆದರೆ ನೀನು ಬಿಡಲಿಲ್ಲ. ಮೇಷ್ಟ್ರ ಕಡೆ ತಿರುಗಿ ಹೇಳಿದೆ: "ಇವ್ನಿಗ್ಯಾಕೆ ಸಾ ಇಂಗ್ಲಿಷು? ಅವ್ರಮ್ಮನ ಜೊತೆ ಸಗಣಿ ಬಾಚಕ್ಕೋಗ್ಲಿ ಬುಡಿ."

ತರಗತಿಗೆ ತರಗತಿಯೇ ನಕ್ಕಿತು. ಹೆಣ್ಣುಮಕ್ಕಳ ಕಡೆಯೂ. ಮೇಷ್ಟ್ರೂ.

ನನ್ನ ತಾಯಿ ಸಗಣಿ ಬಾಚುತ್ತಿದ್ದದ್ದು ನಿಮ್ಮ ಮನೆಯ ಕೊಟ್ಟಿಗೆಯಲ್ಲೇ, ಗೋಪಾಲ. ಅದು ನಿನಗೆ ಗೊತ್ತಿದ್ದುದರಿಂದಲೇ ಆ ಮಾತು ನಿನಗೆ ಹೊಳೆಯಿತು. ಆ ಸಂಜೆ ಅಮ್ಮ ಕೈ ತೊಳೆದು ನನಗೆ ಮುದ್ದೆ ಬಡಿಸಿದಳು, ನಾನು ಉಣ್ಣಲಿಲ್ಲ. ಯಾಕೆ ಎಂದು ಕೇಳಿದಳು, ಹೇಳಲಿಲ್ಲ. ಬೆಳಗಾದರೆ ಹೊಸೂರಿನ ಬಸ್ಸು ಹತ್ತಿದೆ.

ಆಮೇಲಿನದನ್ನು ಉದ್ದ ಮಾಡುವುದಿಲ್ಲ. ಲೇತ್ ಅಂಗಡಿಯಲ್ಲಿ ಕಬ್ಬಿಣದ ಸುರುಳಿ ಗುಡಿಸಿದೆ. ನೋಡಿ ನೋಡಿ ಕೆಲಸ ಕಲಿತೆ. ಯಾರ ಮುಂದೆಯೂ ಕೈ ಚಾಚಲಿಲ್ಲ, ಒಂದು ದಿನವೂ ಸುಮ್ಮನೆ ಮಲಗಲಿಲ್ಲ — ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ, ಹೇಳಿಕೊಳ್ಳಲು ನನಗಿರುವುದು ಅದೇ. ಗಾಡಿಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಆಪರೇಟರ್ ಆದೆ. ಖಾಯಂ ಆಗಬೇಕಾದರೆ ಹತ್ತನೇ ತರಗತಿ ಪಾಸಾಗಿರಬೇಕು ಎಂದರು. ಇಪ್ಪತ್ತೇಳನೇ ವಯಸ್ಸಿನಲ್ಲಿ ಖಾಸಗಿಯಾಗಿ ಪರೀಕ್ಷೆ ಕಟ್ಟಲು ನಿರ್ಧರಿಸಿದೆ. ಬೇರೆ ಎಲ್ಲ ವಿಷಯಕ್ಕೂ ಧೈರ್ಯವಿತ್ತು. ಇಂಗ್ಲಿಷ್ ಒಂದಕ್ಕೆ ಇರಲಿಲ್ಲ.

ಆಗ ನೀನು ಬಂದೆ. ಬಿ.ಕಾಂ. ಮುಗಿದಿತ್ತು, ಇಂಗ್ಲಿಷ್ ಪೇಪರ್ ಒಂದು ಮಾತ್ರ ಅರಿಯರ್ಸ್ ಉಳಿದಿತ್ತು. ಎರಡು ಸಲ ಕಟ್ಟಿದ್ದೆ, ಎರಡು ಸಲವೂ ಹೋಗಿತ್ತು. ಕೊಟ್ಟ ಪ್ಯಾಸೇಜನ್ನು ಓದಿ ಕೇಳಿದ್ದಕ್ಕೆ ಉತ್ತರ ಬರೆಯುವ ಭಾಗದಲ್ಲೇ ನೀನು ಮುಗ್ಗರಿಸುತ್ತಿದ್ದೆ. ನಿಮ್ಮಪ್ಪ ನಮ್ಮಪ್ಪನಿಗೆ ಹೇಳಿ, ಹೊಸೂರಿನ ಆಲಸನತ್ತದ ನನ್ನ ಬಾಡಿಗೆ ಕೋಣೆಗೆ ನಿನ್ನನ್ನು ಕಳಿಸಿದರು. ಬಾಗಿಲಲ್ಲಿ ನಿಂತು "ಮುನಿಯಣ್ಣ" ಎಂದೆ. ಅಲ್ಲಿಯವರೆಗೆ ನಾನು ನಿನಗೆ ಮುನ್ಯಾ ಆಗಿದ್ದೆ. ಬೇಕಾದಾಗ ಅಣ್ಣನಾದೆನಲ್ಲ ಎಂದುಕೊಂಡೆ. ಆದರೂ ಚಾಪೆ ಹಾಸಿಕೊಟ್ಟೆ.

ನಿನಗೊಂದು ಕೆಲಸ ಕಾದಿತ್ತು. ನಮ್ಮ ಕಾರ್ಖಾನೆಯಲ್ಲೇ, ಸ್ಟೋರ್ಸ್ ಕ್ಲರ್ಕ್. ನಿಮ್ಮ ಮಾವನ ಗುರುತಿನ ಅಧಿಕಾರಿ, ಈ ಸಲದ ರಿಸಲ್ಟ್ ಬರುವವರೆಗೆ ಜಾಗ ಹಿಡಿದಿಡುತ್ತೇನೆ, ಆಮೇಲೆ ಆಗುವುದಿಲ್ಲ ಎಂದಿದ್ದರು. ಸ್ಟೋರ್ಸ್ ಎಂದರೆ ಏನು ಗೊತ್ತೇ? ಒಂದು ಕಿಟಕಿ. ಒಳಗೆ ಕ್ಲರ್ಕ್ ಕೂತಿರುತ್ತಾನೆ. ಹೊರಗೆ ನಾವು ಆಪರೇಟರ್‌ಗಳು ಚೀಟಿ ಹಿಡಿದು ಸಾಲಾಗಿ ನಿಂತಿರುತ್ತೇವೆ. ಒಂದು ಜೊತೆ ಕೈಗವಸು ಬೇಕಾದರೂ ಅವನು ತಲೆ ಎತ್ತಿ ನೋಡಬೇಕು, "ಹಳೇದು ಎಲ್ಲಿ?" ಎಂದು ಕೇಳಬೇಕು. ಆ ಕಿಟಕಿಯೊಳಗೆ ನಿನ್ನ ಮುಖವನ್ನು ಎಷ್ಟು ಸಲ ಇಟ್ಟು ನೋಡಿದೆನೋ. ನಾನು ಹೊರಗೆ, ನೀನು ಒಳಗೆ. ಮತ್ತೆ.

ಹಳೆಯ ಏಟಿಗೆ ಸೇಡು ಎಂದು ಹೇಳಿದೆ. ಈ ಕಿಟಕಿಯ ಹೊಟ್ಟೆಕಿಚ್ಚೂ ಅದರಲ್ಲಿ ಬೆರೆತಿತ್ತು. ಯಾವುದು ಎಷ್ಟು ಎಂದು ಕೇಳಿದರೆ ಹೇಳಲಾರೆ.

ಟೀಚರಮ್ಮ ಇದ್ದದ್ದು ನಮ್ಮ ಕೋಣೆಯ ಹಿಂದಿನ ಬೀದಿಯಲ್ಲಿ. ತಮಿಳಿನವರು, ಯಾವುದೋ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಕಣ್ಣು ಹೋಗಿತ್ತು, ಬೆಳಕು ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಹೋಗಿ ಮೊದಲು ಅವರಿಗೆ ಪೇಪರ್ ಓದಬೇಕು, ಆಮೇಲೆ ನನ್ನ ಪಾಠ. ಫೀಸು ಅಷ್ಟೇ.

ಅವರ ಪಾಠದ ರೀತಿಯೇ ಬೇರೆ. ನಾನು ಒಂದು ವಾಕ್ಯ ಓದಬೇಕು. ಅವರು ಕೈ ಎತ್ತುತ್ತಿದ್ದರು. "ನಿಲ್ಲಪ್ಪಾ. ಯಾರು ಸೊಲ್ರಾಂಗ? ಯಾರ ಮಾತು ಇದು?"

"ಪುಸ್ತಕದ್ದು, ಟೀಚರಮ್ಮ."

"ಪುಸ್ತಕಕ್ಕೆ ಬಾಯಿ ಇದೆಯಾ? ಯಾರದ್ದು ಅಂತ ಹೇಳು, ಆಮೇಲೆ ಮುಂದಕ್ಕೆ ಹೋಗು."

ಆನೆಗಳ ಮೇಲೆ ಒಂದು ಪ್ಯಾಸೇಜ್ ಇತ್ತು. ಮೊದಲ ಐದಾರು ಸಾಲಿನ ತುಂಬ ಆನೆ ಬೆಳೆ ತಿನ್ನುತ್ತದೆ, ಮನೆ ಕೆಡವುತ್ತದೆ, ಅದಕ್ಕಿಂತ ದುಷ್ಟ ಪ್ರಾಣಿ ಇಲ್ಲ ಎಂದಿತ್ತು. ಅದು ಕಾಡಂಚಿನ ಜನ ಆಡುವ ಮಾತು. ಬರೆದವನ ಮಾತು ಬರುವುದು ಕೊನೆಗೆ, ಸಣ್ಣ ದನಿಯಲ್ಲಿ: ದಾರಿ ಆನೆಯದು, ನಡುವೆ ಹೋಗಿ ಕೂತವರು ನಾವು ಎಂದು. ಪ್ರಶ್ನೆ ಕೇಳುವುದು ಬರೆದವನ ಅಭಿಪ್ರಾಯ ಏನು ಎಂದು. ಜೋರಾಗಿ ಹೇಳಿದ್ದನ್ನು ಎತ್ತಿ ಉತ್ತರವಾಗಿ ಬರೆದ ಹುಡುಗ ಅಲ್ಲೇ ಕೆಡುತ್ತಾನೆ.

ನನಗೆ ಇದು ಬೇಗ ಹಿಡಿಯಿತು. ನಮ್ಮೂರ ಅರಳಿಕಟ್ಟೆಯ ನ್ಯಾಯದಲ್ಲಿ ಹಿರಿಯರು ಮಾತಾಡುವುದೇ ಹೀಗೆ. ಮೊದಲು ಎದುರಿನವನ ಮಾತನ್ನೆಲ್ಲ ತಮ್ಮ ಬಾಯಲ್ಲೇ ಆಡಿ, ತೂಗಿ, ಒಪ್ಪಿದ ಹಾಗೆ ತಲೆಯಾಡಿಸಿ, ಆಮೇಲೆ "ಆದ್ರೆ ಒಂದ್ ಮಾತು" ಎನ್ನುತ್ತಾರೆ. ಆ ಮಾತಿಗೆ ಮುಂಚೆ ಎದ್ದು ಹೋದವನು ತೀರ್ಪನ್ನು ತಿರುಗಾಮುರುಗಾ ತಿಳಿದುಕೊಂಡು ಮನೆಗೆ ಹೋಗುತ್ತಾನೆ. ನಮ್ಮೂರ ಹೆಂಗಸರು ನೀರಿನ ತೊಟ್ಟಿಯ ಹತ್ತಿರ "ಆಹಾ, ಏನ್ ಚೆಂದಾಗಿ ಬಾಳ್ತವ್ಳಮ್ಮ" ಎಂದರೆ ಅದು ಹೊಗಳಿಕೆಯಲ್ಲ ಎಂದು ಮಗುವಿಗೂ ಗೊತ್ತು. ಇಂಗ್ಲಿಷಿನವರೂ ನಮ್ಮ ಹಾಗೇ ಮಾತಾಡುತ್ತಾರೆ ಎಂದು ತಿಳಿದಾಗ, ಆ ಭಾಷೆಯ ಮೇಲಿದ್ದ ನನ್ನ ಅರ್ಧ ಭಯ ಹೋಯಿತು.

ಆದರೆ ನನಗೆ ಪದಗಳು ಗೊತ್ತಿರಲಿಲ್ಲ. ಅವನ್ನು ಕೊಟ್ಟವನು ನೀನು. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ — ಆದರೂ ಬರೆಯಬೇಕು. ನಾನು ಶಿಫ್ಟ್ ಮುಗಿಸಿ ಬಂದರೆ ನೀನು ಅಕ್ಕಿ ತೊಳೆಯುತ್ತಾ ಪದಗಳ ಅರ್ಥ ಹೇಳುತ್ತಿದ್ದೆ. ಒಂದೇ ಪದವನ್ನು ಮೂರು ಸಲ ಕೇಳಿದರೂ ಬೇಸರಪಟ್ಟವನಲ್ಲ. "ತಲೆ ಕೆಡುಸ್ಕಬ್ಯಾಡ ಅಣ್ಣ, ನಿಂಗೆ ಬತ್ತದೆ" ಎನ್ನುತ್ತಿದ್ದೆ.

ನೀನು ಟೀಚರಮ್ಮನ ಮನೆಗೆ ಬರಲಿಲ್ಲ. ಭಾನುವಾರ ಜವಳಿ ಅಂಗಡಿಯಲ್ಲಿ ನಿನಗೆ ಲೆಕ್ಕ ಬರೆಯುವ ಕೆಲಸ, ಮಧ್ಯಾಹ್ನಕ್ಕೆ ಹೊರಡುತ್ತಿದ್ದೆ. ಬೆಳಿಗ್ಗೆ ಬರಬಹುದಿತ್ತು. ನಿಜವಾದ ಕಾರಣ ನೀನೇ ಹೇಳಿದ್ದೆ: "ಡಿಗ್ರಿ ಓದ್ದೋನು ಹತ್ತ್ನೇ ಕ್ಲಾಸಿನೋನ ಪಕ್ಕ ಕುಂತ್ಕಂಡ್ರೆ ನೋಡ್ದೋರು ಏನಂತಾರಣ್ಣ? ನನ್ ಉತ್ರನ ನೀನೇ ಓದ್ಬುಡು. ಆಯಮ್ಮ ಏನಂದ್ಲು ಅಂತ ಬಂದ್ ಹೇಳು, ಸಾಕು."

ಹಾಗೆ ಶುರುವಾಯಿತು. ವಾರವಿಡೀ ನೀನು ಬಿಡಿ ಹಾಳೆಗಳ ಮೇಲೆ ಉತ್ತರ ಬರೆಯುತ್ತಿದ್ದೆ. ಭಾನುವಾರ ನಾನು ಪ್ಯಾಸೇಜನ್ನೂ ನಿನ್ನ ಉತ್ತರವನ್ನೂ ಟೀಚರಮ್ಮನಿಗೆ ಓದಿ ಹೇಳುತ್ತಿದ್ದೆ. ಅವರು ಬಾಯಲ್ಲೇ ತಿದ್ದುತ್ತಿದ್ದರು. ಅವರ ಬಾಯಿಂದ ನಿನ್ನ ಕಿವಿಗೆ ಇದ್ದ ದಾರಿ ನಾನೊಬ್ಬನೇ.

ಮೊದಲ ಸಲ ಕೇಳಿದಾಗಲೇ ಅವರು ನಕ್ಕರು. "ಈ ಪಯ್ಯನಿಗೆ ನಿನಗಿಂತ ಚೆನ್ನಾಗಿ ಇಂಗ್ಲಿಷ್ ಗೊತ್ತು, ಮುನಿರಾಜು. ಆದ್ರೆ ಅವಸರ. ಯಾರೋ ಆಡಿದ ಮಾತನ್ನ ಬರೆದವನ ತಲೆಗೆ ಕಟ್ಟಿಬಿಡ್ತಾನೆ. ನಿನಗೆ ಹೇಳಿಕೊಟ್ಟಿದ್ದನ್ನೇ ಅವನಿಗೂ ಹೇಳು. ಅದೊಂದು ಹಿಡಿದರೆ ಪಾಸಾಗ್ತಾನೆ, ಕಂಡಿಪ್ಪಾ, ಖಂಡಿತ."

ಹೇಳಬೇಕೆಂದೇ ಹೊರಟೆ. ದಾರಿಯಲ್ಲಿ ಆನೆಯ ಉದಾಹರಣೆ ಹೇಗೆ ಹೇಳಲಿ ಎಂದು ಜೋಡಿಸಿಕೊಂಡೆ. ನೀನು ತಾರಸಿಯ ಮೇಲೆ ಅಂಗಿ ಒಣಹಾಕುತ್ತಿದ್ದೆ. ನನ್ನನ್ನು ಕಂಡು ಬಾಯಿ ತುಂಬ ನಕ್ಕೆ.

"ಏನಂದ್ಲಣ್ಣ ನಿನ್ ಟೀಚರಮ್ಮ? ನನ್ ಇಂಗ್ಲಿಷ ನೀನೇ ಓದ್ದಾ? ನಾಲ್ಗೆ ಹೊರಳ್ತೇನ್ಲಾ ಮುನ್ಯಾ?"

ತಮಾಷೆಗೆ ಅಂದದ್ದು. ಅದು ನನಗೆ ಆಗಲೂ ಗೊತ್ತಿತ್ತು. ಆದರೆ ಆ ಹೆಸರು, ಆ ನಗು — ಕಿವಿಯಲ್ಲಿ ಮತ್ತೆ ಅದೇ ಸದ್ದಾಯಿತು. ಬಾಯಿ ತೆರೆದೆ. ಬಂದದ್ದು ಇಷ್ಟು:

"ಎಲ್ಲಾ ಸರಿ ಐತಂತೆ ಕಣ್ಲಾ. ಹಿಂಗೇ ಬರಿ ಅಂದ್ರು."

ನೀನು ಅಂಗಿ ಕೊಡವಿ ಹಗ್ಗದ ಮೇಲೆ ಹಾಕಿದೆ. "ನಂಗೊತ್ತಿತ್ತು" ಎಂದೆ.

ಒಂದು ಸಲದ ಸುಳ್ಳಾಗಿದ್ದರೆ ಬಾಯಿ ತಪ್ಪಿತು ಎನ್ನಬಹುದಿತ್ತು. ಮುಂದಿನ ಭಾನುವಾರವೂ ಅದನ್ನೇ ಹೇಳಿದೆ. ಅದರ ಮುಂದಿನದಕ್ಕೂ. ಟೀಚರಮ್ಮ ಹುಬ್ಬು ಗಂಟಿಕ್ಕಿ, "ಹೇಳಿದೆಯಾ ಅವನಿಗೆ? ಮತ್ತೆ ಅದೇ ತಪ್ಪು ಮಾಡಿದಾನಲ್ಲ" ಎಂದರೆ, "ಹೇಳ್ದೆ ಟೀಚರಮ್ಮ, ಅವ್ನು ಕೇಳಲ್ಲ" ಎಂದೆ. ನೀನು ಒಂದು ಉತ್ತರದ ಮೇಲೆ ಅನುಮಾನಪಟ್ಟು, "ಇದು ಯಾಕೋ ತಿರುಗ್ಸಿ ಹೇಳ್ದಂಗೆ ಐತಲ್ಲಣ್ಣ?" ಎಂದು ಕೇಳಿದ್ದೂ ಉಂಟು. ಸರಿದಾರಿಗೆ ನೀನಾಗಿಯೇ ಬರುತ್ತಿದ್ದೆ. ನಾನೇ ತಡೆದೆ. "ಜಾಸ್ತಿ ಯೋಚ್ನೆ ಮಾಡ್ಬ್ಯಾಡ, ಮೊದ್ಲು ಹೊಳೆದದ್ದೇ ಬರಿ ಅಂದವ್ರೆ" ಎಂದೆ. ಅವರು ಅನ್ನದ ಮಾತನ್ನು ಅವರ ಬಾಯಿಗೆ ಇಟ್ಟೆ.

ನನಗೆ ಸಂಕಟವಾಗುತ್ತಿತ್ತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆಗಲಿಲ್ಲ. ಖುಷಿಯಾಗುತ್ತಿತ್ತು. ಮೆಷಿನ್ ಮುಂದೆ ನಿಂತಾಗ ಒಬ್ಬನೇ ನಗುತ್ತಿದ್ದೆ. ನೀರು ಕುಡಿದ ಹಾಗೆ ಓದುವವನು ಹೇಗೆ ಮುಳುಗುತ್ತಿದ್ದಾನೆ ನೋಡು ಎಂದು.

ಪರೀಕ್ಷೆಗೆ ವಾರವಿತ್ತು. ಸಂಜೆ ಬಾಗಿಲಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದೆವು. ನೀನು ತಲೆ ಎತ್ತದೆ ಹೇಳಿದೆ:

"ಅಣ್ಣ, ಸ್ಕೂಲಲ್ಲಿ ನಿಂಗೆ ಜೋರಾಗಿ ಹೊಡ್ದೆನಲ್ಲ ಅವತ್ತು. ಅದ್ರ ಹಿಂದಿನ್ ದಿನ ಅಂಗೈ ಗುಳಿ ಮಾಡಿ ಹೊಡ್ದಿದ್ಕೆ ಮೇಷ್ಟ್ರು ನಂಗೇ ಬಾರ್ಸಿದ್ರು. ಇನ್ನೊಂದ್ ಸಲ ಮೆತ್ತಗೆ ಹೊಡುದ್ರೆ ಚರ್ಮ ಸುಲೀತೀನಿ ಅಂದಿದ್ರು. ಅದ್ಕೆ ಹೊಡ್ದೆ."

ನಾನು ಇನ್ನೊಂದು ಕಾಯಿ ಎತ್ತಿಕೊಂಡೆ.

"ಆ ಮಾತು ಮಾತ್ರ... ಅದ್ಯಾಕಂದ್ನೋ. ಎಲ್ರೂ ನಗ್ಲಿ ಅಂತ ಅಂದ್ಬುಟ್ಟೆ. ನೀನು ಸ್ಕೂಲೇ ಬುಟ್ಟು ಹೋಗ್ಬುಟ್ಟೆ. ತಪ್ಪಾಯ್ತಣ್ಣ."

ಗೋಪಾಲ, ಆಗ ಒಂದು ವಾರವಿತ್ತು. ಒಂದು ಸಂಜೆ ಸಾಕಿತ್ತು. ನಿನಗೆ ಪದಗಳೆಲ್ಲ ಗೊತ್ತಿದ್ದವು. "ಒಂದ್ ನಿಮಿಷ ಕೂತ್ಕೋ, ನಿಂಗೊಂದು ಹೇಳ್ಬೇಕು" ಎಂದಿದ್ದರೆ ಮುಗಿಯುತ್ತಿತ್ತು. ನಿನ್ನ ಮಾತನ್ನು ನಂಬಲಿಲ್ಲ ಎಂದು ಹೇಳಬಹುದು. ನಂಬಿದೆ. ಒಂದಕ್ಷರವೂ ಬಿಡದೆ ನಂಬಿದೆ. ಆದರೆ ಹನ್ನೆರಡು ವರ್ಷಕ್ಕೆ ಒಂದು ತಪ್ಪಾಯ್ತು ಸಾಕೇ — ನನ್ನ ಅಮ್ಮನ ಕೈಗೆ, ನಾನು ಉಣ್ಣದ ಆ ಮುದ್ದೆಗೆ, ಗುಡಿಸಿದ ಕಬ್ಬಿಣಕ್ಕೆ? ಸಾಲದು ಎಂದಿತು ಒಳಗಿದ್ದದ್ದು. ನೀನು ಕ್ಷಮೆ ಕೇಳಿದ್ದೇ ನನಗೆ ಸಿಟ್ಟು ಬರಿಸಿತು. ಕೇಳದೆ ಇದ್ದಿದ್ದರೆ ನನ್ನ ಸೇಡು ಹಗುರವಾಗಿರುತ್ತಿತ್ತು.

"ಹಳೇದು ಬುಡ್ಲಾ. ಪರೀಕ್ಷೆ ನೋಡ್ಕೋ" ಎಂದೆ. ನೀನು ಎದ್ದು ಹೋಗಿ ಇಬ್ಬರಿಗೂ ಸಾರು ಮಾಡಿದೆ. ಅವತ್ತು ನಾನು ಉಂಡೆ, ಚೆನ್ನಾಗಿಯೇ ಉಂಡೆ.

ನೀನು ಫೇಲಾದೆ. ನಾನು ಪಾಸಾದೆ — ನೀನು ಕೊಟ್ಟ ಪದಗಳಿಂದ, ನಿನಗೆ ಕೊಡದ ಪಾಠದಿಂದ. ಕಿಟಕಿಯೊಳಗೆ ಬೇರೆ ಯಾರೋ ಬಂದು ಕೂತರು. ನೀನು ಪೆಟ್ಟಿಗೆ ಎತ್ತಿಕೊಂಡು ಊರಿಗೆ ಹೊರಟಾಗ ನಾನೇ ಬಸ್ ಸ್ಟ್ಯಾಂಡಿಗೆ ಬಂದು ಕೂರಿಸಿದೆ. "ಇನ್ನೊಂದ್ ಸಲ ಕಟ್ಟು ಕಣ್ಲಾ" ಎಂದೆ ಬಾಯಿಮಾತಿಗೆ. "ಇಲ್ಲಣ್ಣ, ವಾರವಾರ ಎಲ್ಲಾ ಸರಿ ಅಂದ್ರೂ ಫೇಲಾದ್ನಲ್ಲ. ಇನ್ ಏನಂತ ಓದ್ಲಿ?" ಎಂದೆ ನೀನು. ಮತ್ತೆ ಕಟ್ಟಲಿಲ್ಲ. ಕೆಲಮಂಗಲದ ಹತ್ತಿರ ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಶೆಡ್ಡುಗಳಲ್ಲಿ ಔಷಧಿ ಹೊಡೆಯಲು ಸೇರಿದೆ. ಇವತ್ತಿಗೂ ಅದೇ ಕೆಲಸ.

ಟೀಚರಮ್ಮ ಕೇಳಿದರು, ಆ ಹುಡುಗ ಏನಾದ ಎಂದು. ಪಾಸಾದ, ಆಫೀಸಿನಲ್ಲಿ ಕೆಲಸ ಸಿಕ್ಕಿತು ಎಂದೆ. ಅವರ ಮುಖ ಅರಳಿತು. ಗೋಡೆ ತಡವಿಕೊಂಡು ಒಳಗೆ ಹೋಗಿ ಒಂದು ಪೊಟ್ಟಣದಲ್ಲಿ ಮೈಸೂರುಪಾಕು ತಂದು, "ಅವನಿಗೆ ಕೊಡಪ್ಪಾ" ಎಂದು ನನ್ನ ಕೈಗಿಟ್ಟರು. ಬೀದಿಯ ತಿರುವಿನಲ್ಲಿ ನಿಂತು ಅದನ್ನು ನಾನೇ ತಿಂದೆ. ಪೂರ್ತಿ ತಿಂದೆ. ಬಾಯಿಗೆ ಸಿಹಿಯೇ ಆಗಿತ್ತು.

ಹೀಗೆ ಇನ್ನೂ ಎಷ್ಟು ವರ್ಷ ಇರುತ್ತಿದ್ದೆನೋ. ಹೋದ ತಿಂಗಳು ಕೆಲಮಂಗಲದ ಸಂತೆಯ ದಿನ ನೀನು ಸಿಕ್ಕೆ. ಕೈ ಹಿಡಿದೆಳೆದು ಟೀ ಅಂಗಡಿಗೆ ಕರೆದೊಯ್ದೆ. ನಮ್ಮ ಬೀದಿಯ ವೆಂಕಟೇಶಪ್ಪ ಅಲ್ಲೇ ಇದ್ದ. "ಮುನಿಯಣ್ಣ, ನನ್ ಮಗ್ಳಿಗೆ ಇಂಗ್ಲಿಷು ಹತ್ತಲ್ಲ. ಹೊಸೂರಲ್ಲಿ ನಿಂಗೆ ಹೇಳ್ಕೊಟ್ರಲ್ಲ ಆ ಟೀಚರಮ್ಮ, ಇನ್ನೂ ಅವ್ರಾ?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ನೀನು ಹೇಳಿದೆ:

"ಅಯ್ಯೋ, ಆ ಕಣ್ಣಿಲ್ದ ಮುದ್ಕಿ ತಾವ ಕಳ್ಸೀಯ ಮತ್ತೆ! ತಪ್ಪುನ್ನೆಲ್ಲಾ ಸರಿ ಸರಿ ಅಂದು ನನ್ ಬಾಳೇ ಹಾಳ್ ಮಾಡುದ್ಲು. ಮುನಿಯಣ್ಣನ್ನೇ ಕೇಳು."

ವೆಂಕಟೇಶಪ್ಪ ನನ್ನ ಮುಖ ನೋಡಿದ. ಕೈಯಲ್ಲಿ ನೀನು ಕೊಡಿಸಿದ ಟೀ ಇತ್ತು. ನಾನು ಒಂದು ಗುಟುಕು ಕುಡಿದು ಸುಮ್ಮನಿದ್ದೆ. ಸುಮ್ಮನಿದ್ದದ್ದೇ ಹೌದು ಎಂದಾಯಿತು. ಅವನು ಮಗಳನ್ನು ಕಳಿಸಲಿಲ್ಲ.

ನಿನ್ನ ಮೇಲೆ ನನಗೆ ಸೇಡಿತ್ತು. ಆ ಹೆಂಗಸು ನನಗೇನು ಮಾಡಿದ್ದರು? ಬೈದೂ ಇರಲಿಲ್ಲ. ನಾನು ಓದಿದ್ದು ತಪ್ಪಾದಾಗ ಒಮ್ಮೆಯೂ ನಕ್ಕಿರಲಿಲ್ಲ — ಅವರೊಬ್ಬರೇ. ನಾನು ನಿನಗೆಂದು ಇಟ್ಟ ವಿಷ ಅವರ ಹೆಸರಿಗೆ ಹತ್ತಿ ನಾಲ್ಕು ವರ್ಷವಾಗಿದೆ, ಅವರಿಗೆ ತಿಳಿದೇ ಇಲ್ಲ. ಪಾಠಕ್ಕೆ ಯಾಕೋ ಹುಡುಗರೇ ಬರುವುದಿಲ್ಲ ಎಂದು ಹೋದ ವಾರ ನನಗೇ ಹೇಳಿದರು.

ನೀನು ಆಡಿದ ಆ ಮಾತನ್ನು ನಾನು ಮರೆತಿಲ್ಲ, ಗೋಪಾಲ. ಏಟು ಮೇಷ್ಟ್ರದ್ದು, ಅದನ್ನು ಬಿಟ್ಟೆ. ಮಾತು ನಿನ್ನದು. ಅದನ್ನು ಬಿಡಲು ಇವತ್ತಿಗೂ ಮನಸ್ಸು ಬರುತ್ತಿಲ್ಲ, ಬಂತು ಎಂದು ಸುಳ್ಳು ಬರೆಯುವುದಿಲ್ಲ. ಆದರೆ ನೀನು ಕಿತ್ತುಕೊಂಡದ್ದು ಹುಡುಗತನದಲ್ಲಿ, ಒಂದು ಗಳಿಗೆಯಲ್ಲಿ. ನಾನು ಕಿತ್ತುಕೊಂಡದ್ದು ಬುದ್ಧಿ ಬಲಿತ ಮೇಲೆ, ನಿನ್ನ ಕೈಯ ಅನ್ನ ಉಂಡುಕೊಂಡು. ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ಹೋಗುವುದಿಲ್ಲ.

ಈ ಭಾನುವಾರ ಬೆಳಿಗ್ಗೆ ಇದನ್ನು ಟೀಚರಮ್ಮನಿಗೆ ಓದಿ ಹೇಳುತ್ತೇನೆ. ಮಧ್ಯಾಹ್ನದ ಬಸ್ಸಿಗೆ ಕೆಲಮಂಗಲಕ್ಕೆ ಬರುತ್ತೇನೆ. ಇದನ್ನು ನಿನ್ನ ಕೈಗೆ ಕೊಟ್ಟು, ಓದಿ ಮುಗಿಸುವವರೆಗೆ ನಿನ್ನ ಮುಂದೆಯೇ ಕೂತಿರುತ್ತೇನೆ. ಆಮೇಲೆ ವೆಂಕಟೇಶಪ್ಪನ ಮನೆಗೆ ಹೋಗಬೇಕು, ನೀನು ಬಂದರೂ ಸರಿ, ಬರದಿದ್ದರೂ ಸರಿ. ನೀನು ಏನು ಮಾಡಿದರೂ ನಾನು ಕೈ ಅಡ್ಡ ತರುವುದಿಲ್ಲ.

ಈಗ ನನಗಿರುವುದು: ಖಾಯಂ ಕೆಲಸ ಒಂದು. ಹತ್ತನೇ ತರಗತಿ ಪಾಸಾದ ಸರ್ಟಿಫಿಕೇಟ್ ಒಂದು. ಆಲಸನತ್ತದಲ್ಲಿ ಎರಡು ಕೋಣೆಯ ಸ್ವಂತ ಮನೆ. ಹೆಂಡತಿ, ಒಬ್ಬ ಮಗ. ನನ್ನನ್ನು ನಂಬಿದ ಗೆಳೆಯ, ಈ ಭಾನುವಾರದವರೆಗೆ, ಒಬ್ಬ.